ಬೆಳಕಿಗೊಂದು ಸಾಲ: ಕಂತು ಹೇಗಿರಬೇಕು?



ಬಿಸಿಲಿಗೆ ಯಾರೂ ಬಿಲ್ಲು ಕಟ್ಟಬೇಕಾಗಿಲ್ಲ. ಆದರೂ ಬಿಸಿಲಿನಿಂದ ಉರಿಯುವ ದೀಪ ಬಡವರ ಮನೆಗೆ ತಡವಾಗಿ ಬರುತ್ತದೆ. ಇದೇಕೆ?

ಸೀಮೆಎಣ್ಣೆಯನ್ನು ಅರ್ಧ ಲೀಟರ್ ಕೊಂಡರೂ ನಡೆಯುತ್ತದೆ. ಸೌರದೀಪದ ಕಥೆ ಬೇರೆ. ಫಲಕ, ಬ್ಯಾಟರಿ, ತಂತಿ, ಬಲ್ಬು ಎಲ್ಲವನ್ನೂ ಮೊದಲ ದಿನವೇ ಕೊಳ್ಳಬೇಕು. ಅಂದರೆ ಮುಂದಿನ ಹಲವು ವರ್ಷಗಳ ಬೆಳಕಿಗೆ ಇಂದೇ ಹಣ ಎಣಿಸಬೇಕು. ದಿನಗೂಲಿಯಿಂದ ಬದುಕುವವರಿಗೆ ಇದು ಆಗದ ಮಾತು. ಆದ್ದರಿಂದ ಶುದ್ಧ ಇಂಧನದ ಪ್ರಶ್ನೆ ವಿಜ್ಞಾನಕ್ಕೆ ಸೇರಿದಷ್ಟೇ ಬ್ಯಾಂಕಿನ ಲೆಕ್ಕದ ಪುಸ್ತಕಕ್ಕೂ ಸೇರಿದೆ. 2023ರ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 66 ಕೋಟಿ ಜನರಿಗೆ ವಿದ್ಯುತ್ ಇರಲಿಲ್ಲ. ಅವರಲ್ಲಿ ಬಹುಪಾಲು ಜನ ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದ ದೇಶಗಳವರು.

ಒಂದು ಸಣ್ಣ ಲೆಕ್ಕ

ನೋಟ್ ಪುಸ್ತಕ ತೆರೆದು ಒಂದು ಲೆಕ್ಕ ಮಾಡೋಣ. ಒಂದು ಮನೆಯ ಸೌರದೀಪದ ವ್ಯವಸ್ಥೆಗೆ 15,000 ರೂಪಾಯಿ ಎಂದು ಇಟ್ಟುಕೊಳ್ಳಿ. ಶೇಕಡ 15ರಷ್ಟು, ಅಂದರೆ 2,250 ರೂಪಾಯಿಯನ್ನು ಮುಂಗಡವಾಗಿ ಕೊಟ್ಟರೆ ಉಳಿದ 12,750 ರೂಪಾಯಿ ಸಾಲ. ಬಡ್ಡಿ ಶೇಕಡ 12. ಇದನ್ನು ಒಂದೇ ವರ್ಷದಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 1,133 ರೂಪಾಯಿ. ಐದು ವರ್ಷಕ್ಕೆ ಹಂಚಿದರೆ ಅದೇ ಕಂತು 284 ರೂಪಾಯಿಗೆ ಇಳಿಯುತ್ತದೆ.

ಈಗ ಐದು ವರ್ಷದ ಸಾಲದ ಬಡ್ಡಿಯನ್ನು ಶೇಕಡ 12ರಿಂದ 5ಕ್ಕೆ ಇಳಿಸಿ ನೋಡಿ. ಕಂತು ಸುಮಾರು 241 ರೂಪಾಯಿ ಆಗುತ್ತದೆ. ಉಳಿತಾಯ ತಿಂಗಳಿಗೆ 43 ರೂಪಾಯಿ ಮಾತ್ರ. ಬಡ್ಡಿ ಇಳಿಸುವುದಕ್ಕಿಂತ ಅವಧಿ ಹೆಚ್ಚಿಸುವುದೇ ಕಂತಿನ ಭಾರವನ್ನು ಹೆಚ್ಚು ತಗ್ಗಿಸುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಅವಧಿ ಉದ್ದವಾದಷ್ಟೂ ಒಟ್ಟು ಬಡ್ಡಿ ಏರುತ್ತದೆ ಎಂಬುದನ್ನೂ ಮರೆಯಬಾರದು. ಶೇಕಡ 12ರ ದರದಲ್ಲಿ ಒಂದು ವರ್ಷಕ್ಕೆ ಸುಮಾರು 850 ರೂಪಾಯಿ ಬಡ್ಡಿಯಾದರೆ, ಐದು ವರ್ಷಕ್ಕೆ ಸುಮಾರು 4,300 ರೂಪಾಯಿ.

ಇನ್ನೊಂದು ಮಾತು. 284 ರೂಪಾಯಿ ಎಂದರೆ ದಿನಕ್ಕೆ ಹತ್ತು ರೂಪಾಯಿಯೊಳಗೇ ಆಯಿತು. ಸಂಜೆ ಕಡಲೆಕಾಯಿ ಮಾರುವಾಕೆ ದಿನವೂ ಹತ್ತು ರೂಪಾಯಿ ಎತ್ತಿಡಬಲ್ಲಳು; ತಿಂಗಳ ಕೊನೆಗೆ ಮುನ್ನೂರು ರೂಪಾಯಿ ಒಟ್ಟಿಗೆ ತಾ ಎಂದರೆ ಕಷ್ಟಪಡುತ್ತಾಳೆ. ಹೈನುಗಾರಿಕೆಯ ಮನೆಗೆ ಹಾಲಿನ ಬಟವಾಡೆಯ ದಿನ ಹಣ ಬರುತ್ತದೆ. ಅಡಿಕೆ ಬೆಳೆಗಾರನಿಗೆ ಕೊಯ್ಲು ಮುಗಿದ ಮೇಲೆ ಬರುತ್ತದೆ. ಹಣ ಬರುವ ದಿನಕ್ಕೆ ಕಂತಿನ ದಿನ ಹೊಂದಿದರೆ ಸಾಲ ತೀರುತ್ತದೆ. ಹೊಂದದಿದ್ದರೆ ಪ್ರಾಮಾಣಿಕನೂ ಬಾಕಿದಾರನಾಗುತ್ತಾನೆ.

ಕರ್ನಾಟಕದ ಪ್ರಯೋಗ

ಈ ಪಾಠವನ್ನು ಬಹಳ ಮೊದಲೇ ಕಲಿತ ನಾಡುಗಳಲ್ಲಿ ನಮ್ಮದೂ ಒಂದು. 1995ರಲ್ಲಿ ಹರೀಶ್ ಹಂದೆ ಅವರು ನೆವಿಲ್ ವಿಲಿಯಮ್ಸ್ ಅವರೊಂದಿಗೆ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿದರು. ದೀಪ ಮಾರುವುದಷ್ಟೇ ಸಾಲದು, ಗ್ರಾಮೀಣ ಬ್ಯಾಂಕುಗಳು ಅದಕ್ಕೆ ಸಾಲ ಕೊಡುವಂತಾಗಬೇಕು, ಕೆಟ್ಟರೆ ರಿಪೇರಿ ಮಾಡುವವರು ಹತ್ತಿರದಲ್ಲೇ ಇರಬೇಕು ಎಂಬುದು ಅದರ ಕ್ರಮ. ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ರಿಪೇರಿಗೂ ಸಾಲಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ದೀಪ ಉರಿಯದ ಮನೆಯವರು ಕಂತನ್ನು ಏಕೆ ಕಟ್ಟುತ್ತಾರೆ? ಬ್ಯಾಂಕಿನ ಧೈರ್ಯ ಮೆಕ್ಯಾನಿಕ್‌ನ ಸ್ಕ್ರೂ ಡ್ರೈವರಿನಲ್ಲಿದೆ ಎಂದರೆ ತಪ್ಪಾಗಲಾರದು.

2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಬ್ಯಾಂಕ್ ಮತ್ತು ಆಗಿನ ಸಿಂಡಿಕೇಟ್ ಬ್ಯಾಂಕುಗಳ ಜೊತೆಗೂಡಿ ದಕ್ಷಿಣ ಭಾರತದಲ್ಲಿ ಸೌರ ಸಾಲ ಯೋಜನೆ ಆರಂಭಿಸಿತು. ಸಾಲಗಾರರ ಬಡ್ಡಿಯ ಒಂದು ಭಾಗವನ್ನು ಯೋಜನೆಯೇ ಭರಿಸಿತು. ಬರಬರುತ್ತಾ ಆ ನೆರವನ್ನು ಕಡಿಮೆ ಮಾಡಿತು. ಬ್ಯಾಂಕುಗಳಿಗೆ ಈ ಸಾಲದ ಅಭ್ಯಾಸವಾಗಲಿ ಎಂಬುದೇ ಉದ್ದೇಶ. ಹದಿನಾರು ಸಾವಿರಕ್ಕೂ ಹೆಚ್ಚು ಮನೆಗಳು ಈ ಸಾಲದಿಂದ ಬೆಳಕು ಕಂಡವು.

ನೆರೆಯ ಬಾಂಗ್ಲಾದೇಶವೂ ಅದೇ 2003ರಲ್ಲಿ ಹೊರಟಿತು. ಅಲ್ಲಿ ಇಡ್ಕಾಲ್ ಎಂಬ ಸರ್ಕಾರಿ ಹಣಕಾಸು ಸಂಸ್ಥೆ ಸ್ಥಳೀಯ ಸಂಸ್ಥೆಗಳಿಗೆ ಹಣ ಒದಗಿಸಿತು. ಅವು ಹಳ್ಳಿಯವರಿಗೆ ಕಂತಿನ ಮೇಲೆ ದೀಪ ಕೊಟ್ಟವು. ಒಟ್ಟು 40 ಲಕ್ಷಕ್ಕೂ ಹೆಚ್ಚು ಸೌರ ವ್ಯವಸ್ಥೆಗಳು ಮನೆಗಳನ್ನು ತಲುಪಿದವು.

ಬೀಗ ಹಾಕಿದ ದೀಪ

ಬ್ಯಾಂಕ್ ಶಾಖೆ ದೂರವಿರುವ ಕಡೆ ಏನು ಮಾಡಬೇಕು? ಕೀನ್ಯಾ ದೇಶದಲ್ಲಿ 2007ರಿಂದ ಮೊಬೈಲ್ ಮೂಲಕ ಹಣ ಕಳಿಸುವ ಎಂ-ಪೆಸಾ ಪದ್ಧತಿ ಬಂತು. ಅದನ್ನು ಬಳಸಿ 2012ರಲ್ಲಿ ಎಂ-ಕೋಪಾ ಎಂಬ ಕಂಪನಿ ದಿನದ ಕಂತಿನ ಮೇಲೆ ಸೌರದೀಪ ಮಾರತೊಡಗಿತು. ಹೊಲ, ಚಿನ್ನ, ಜಾಮೀನುದಾರ ಯಾವುದೂ ಬೇಡ; ದೀಪವೇ ಜಾಮೀನು. ಕಂತು ನಿಂತರೆ ಕಂಪನಿ ದೂರದಿಂದಲೇ ದೀಪ ಆರಿಸುತ್ತದೆ. ಕಂತು ಕಟ್ಟಿದರೆ ಮತ್ತೆ ಹೊತ್ತಿಕೊಳ್ಳುತ್ತದೆ.

ಉಪಾಯವೇನೋ ಜಾಣತನದ್ದೇ. ಆದರೆ ತಾಯಿಗೆ ಜ್ವರ ಬಂದು ಕೂಲಿ ತಪ್ಪಿದ ವಾರವೇ ದೀಪವೂ ಆರಿದರೆ, ಮಗಳು ಪರೀಕ್ಷೆಗೆ ಓದುವುದು ಹೇಗೆ? ಎಲ್ಲರನ್ನೂ ಒಳಗೊಳ್ಳುವ ಹಣಕಾಸು ಎಂದರೆ ಇಂಥ ವಾರಕ್ಕೂ ಅದರಲ್ಲಿ ಜಾಗವಿರಬೇಕು.

ನಷ್ಟ ಯಾರದು?

ಹಾಗಾದರೆ ಬಾಕಿ ಉಳಿದರೆ ನಷ್ಟ ಹೊರುವವರು ಯಾರು? ಇಲ್ಲಿ ಖಾತರಿ ನಿಧಿ ನೆರವಿಗೆ ಬರುತ್ತದೆ. ಒಂದು ಲಕ್ಷ ರೂಪಾಯಿಯನ್ನು ಸಹಾಯಧನವಾಗಿ ಹಂಚಿದರೆ ಅದು ಒಮ್ಮೆಗೇ ಮುಗಿಯಿತು. ಅದೇ ಹಣವನ್ನು ಖಾತರಿಯಾಗಿಟ್ಟು ಬ್ಯಾಂಕು ಹತ್ತು ಲಕ್ಷ ಸಾಲ ಕೊಟ್ಟಿತು ಎನ್ನೋಣ. ಅದರಲ್ಲಿ ಶೇಕಡ 5ರಷ್ಟು ಅಸಲು ಮರಳದಿದ್ದರೆ ನಿಧಿಯಿಂದ ಹೋಗುವುದು 50,000 ರೂಪಾಯಿ. ಉಳಿದ ಅರ್ಧ ಮತ್ತೊಂದು ಊರಿನ ಸಾಲಕ್ಕೆ ಆಸರೆಯಾಗುತ್ತದೆ. ಸಹಾಯಧನ ಬೇಡವೆಂದು ಇದರ ಅರ್ಥವಲ್ಲ. ಮುಂಗಡ ಹಣವನ್ನೇ ಹೊಂದಿಸಲಾಗದ ಕಡುಬಡವರಿಗೆ ಅದು ಬೇಕೇ ಬೇಕು.

ಭಾರತದಲ್ಲಿ 2017ರ ಸೌಭಾಗ್ಯ ಯೋಜನೆಯ ನಂತರ ವಿದ್ಯುತ್ ಸಂಪರ್ಕ ಬಹುತೇಕ ಎಲ್ಲ ಮನೆಗಳಿಗೂ ತಲುಪಿದೆ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯ ಘರ್ ಯೋಜನೆಯು ಚಾವಣಿಯ ಸೌರ ಘಟಕಕ್ಕೆ 78,000 ರೂಪಾಯಿಯವರೆಗೆ ಸಹಾಯಧನ ನೀಡುತ್ತದೆ. ಆದರೆ ಸ್ವಂತ ಚಾವಣಿ ಇಲ್ಲದ ಬಾಡಿಗೆದಾರ, ಹಕ್ಕುಪತ್ರವಿಲ್ಲದ ಗುಡಿಸಲಿನವರು, ಪಹಣಿಯಲ್ಲಿ ಹೆಸರಿಲ್ಲದ ಹೆಣ್ಣುಮಗಳು ಇವರ ಪಾಲೇನು? ಆಕೆಗೆ ಈಗ ಬೇಕಾದದ್ದು ದೀಪವಷ್ಟೇ ಅಲ್ಲ. ಸೌರಶಕ್ತಿಯ ಹೊಲಿಗೆ ಯಂತ್ರವೋ ರೊಟ್ಟಿ ಯಂತ್ರವೋ ಸಿಕ್ಕರೆ ಅದರ ದುಡಿಮೆಯಿಂದಲೇ ಕಂತು ಕಟ್ಟಬಲ್ಲಳು.

ಮುಂದಿನ ಬಾರಿ ನಿಮ್ಮೂರಿನ ಬ್ಯಾಂಕಿಗೆ ಹೋದಾಗ ಮೂರು ಪ್ರಶ್ನೆ ಕೇಳಿ: ಸೌರ ಉಪಕರಣಕ್ಕೆ ಸಾಲ ಉಂಟೇ? ಯಾವ ಕಾಗದ ಬೇಕು? ಕಂತನ್ನು ವಾರಕ್ಕೊಮ್ಮೆ ಕಟ್ಟಬಹುದೇ? ಉತ್ತರಗಳನ್ನು ಬರೆದುಕೊಂಡು ತರಗತಿಯಲ್ಲಿ ಚರ್ಚಿಸಿ. ನಿಮ್ಮೂರಿನಲ್ಲಿ ಯಾರು ಇನ್ನೂ ಹೊರಗೆ ಉಳಿದಿದ್ದಾರೆ ಎಂಬುದು ಆ ಉತ್ತರಗಳಿಂದ ತಿಳಿಯುತ್ತದೆ.