ಗೆಳೆಯನ ಉಸಿರಿಗೆ ಕಿವಿಗೊಟ್ಟಾಗ

ನಿಮ್ಮ ಮನೆಯಲ್ಲಿ ಯಾರಿಗಾದರೂ ರಾತ್ರಿ ಹೊತ್ತು ಎದೆಯಿಂದ ಶಿಳ್ಳೆಯಂಥ ಸದ್ದು ಬರುತ್ತಿದೆಯೇ? ಅದು ಯಾವ ದಿನ ಹೆಚ್ಚು, ಯಾವ ದಿನ ಕಡಿಮೆ ಎಂದು ಗಮನಿಸಿದ್ದೀರಾ? ವೈದ್ಯನಾದ ನನಗೇ ಈ ಪ್ರಶ್ನೆ ಹೊಳೆಯಲು ಎರಡು ವರ್ಷ ಹಿಡಿಯಿತು.

ಶಿಡ್ಲಘಟ್ಟದಲ್ಲಿರುವ ನನ್ನ ಗೆಳೆಯನದು ರೇಷ್ಮೆ ನೂಲು ಬಿಚ್ಚುವ ಕೆಲಸ. ಕೆಮ್ಮು ಹೆಚ್ಚಾದಾಗಲೆಲ್ಲ ನನ್ನ ಬಳಿ ಬಂದು ಜೋಶಾಂದಾ ಒಯ್ಯುತ್ತಿದ್ದ. "ಶೀತ, ಅಷ್ಟೇ" ಎನ್ನುತ್ತಿದ್ದ, ನಾನೂ ನಂಬಿದೆ. ಕೊನೆಗೆ ಮಸೀದಿಯ ಮೆಟ್ಟಿಲು ಹತ್ತಲಾಗದೆ ಅವನಿಗೆ ಜಮಾಅತ್ ತಪ್ಪತೊಡಗಿತು.

ನಮ್ಮಿಬ್ಬರ ಇನ್ನೊಬ್ಬ ಗೆಳೆಯ ಗೌರಿಬಿದನೂರಿನಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ಶಬ್ದಗಳನ್ನು ರೆಕಾರ್ಡ್ ಮಾಡಿ ಜೋಡಿಸುವುದು ಅವನ ಹುಚ್ಚು. ರೋಗಿಯ ಪಕ್ಕ ಸುಮ್ಮನೆ ಕೂರಲಾರದೆ ಒಂದು ಹೊಸ ಬಗೆಯ ಸಂಗೀತ ಮಾಡಿದ. ಹಾಡಿಲ್ಲ, ವಾದ್ಯವಿಲ್ಲ, ಕುದಿಯುವ ಬೇಸಿನ್, ತಿರುಗುವ ರಾಟೆ, ಗೆಳೆಯನ ಉಸಿರು. ಮೊದಲ ಭಾಗ ಕೆಲಸದ ದಿನದ ರಾತ್ರಿಯದು, ಎರಡನೆಯದು ಈದ್ ರಜೆಯ ನಾಲ್ಕನೇ ರಾತ್ರಿಯದು. ಇಶಾ ನಂತರ ಎಲ್ಲರೂ ಕೂತು ಕೇಳಿದೆವು. ಗೆಳೆಯನ ಪತ್ನಿ ಮೆಲ್ಲಗೆ ಹೇಳಿದರು: "ರಜೆಯಲ್ಲಿ ಶಿಳ್ಳೆಯೇ ಇಲ್ಲವಲ್ಲ!"

ಕೆಲಸದಿಂದ ಬರುವ ಅಸ್ತಮಾದ ಮುಖ್ಯ ಸುಳಿವೇ ಅದು. ಗೂಡಿನ ಅಂಟಾದ ಸೆರಿಸಿನ್ ಮತ್ತು ಹುಳುವಿನ ಪ್ರೋಟೀನು ಶ್ವಾಸನಾಳ ಸೇರಿ ಅಲರ್ಜಿ ತರಬಲ್ಲವು. ಸೌದೆಯ ಹೊಗೆ ಅದನ್ನು ಇನ್ನಷ್ಟು ಕೆರಳಿಸುತ್ತದೆ.

ಇಬ್ನ್ ಸೀನಾ (980–1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ನಾಡಿಗೆ ಸಂಗೀತದ ಸ್ವಭಾವವಿದೆ ಎಂದಿದ್ದಾರೆ. ಕಾಲೇಜಿನಲ್ಲಿ ಅದನ್ನು ಓದಿದ್ದೆ. ಗೆಳೆಯನ ನಾಡಿಯನ್ನೂ ಹಿಡಿದಿದ್ದೆ. ಆದರೆ ಅವನ ದಿನಚರಿಯನ್ನು ಕೇಳಿರಲಿಲ್ಲ.

ಸಂಗೀತದ ಧಾರ್ಮಿಕ ವಿಧಿಯನ್ನು ಉಲಮಾಗಳು ಹೇಳಲಿ. ಅದರಿಂದ ಅಸ್ತಮಾ ವಾಸಿಯಾಗದು ಎಂಬುದನ್ನಷ್ಟೇ ನಾನು ಹೇಳಬಲ್ಲೆ. ಗೆಳೆಯನನ್ನು ಎದೆರೋಗ ತಜ್ಞರ ಬಳಿ ಕಳುಹಿಸಿದೆ. ಉಸಿರಿನ ಪರೀಕ್ಷೆಯಾಯಿತು, ಇನ್‌ಹೇಲರ್ ಆರಂಭವಾಯಿತು. ಅವನೀಗ ಬೇಸಿನ್ ಬಿಟ್ಟು ಲೆಕ್ಕಪತ್ರ ನೋಡಿಕೊಳ್ಳುತ್ತಾನೆ. ಪೂರ್ತಿ ಗುಣವಾಗಿಲ್ಲ, ಆದರೆ ಜಮಾಅತ್‌ಗೆ ಬರುತ್ತಾನೆ.

ನೀವು ಮಾಡಬೇಕಾದುದು ಇಷ್ಟು:

• ಕೆಲಸದ ದಿನ ಮತ್ತು ರಜೆಯ ದಿನದ ಉಸಿರನ್ನು ಅರ್ಧ ನಿಮಿಷ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ವೈದ್ಯರಿಗೆ ಕೇಳಿಸಿ.

• ಬಿಚ್ಚುವ ಕೋಣೆಗೆ ಎದುರುಬದುರು ಕಿಟಕಿ, ಹೊಗೆಕೊಳವೆ ಇರಲಿ. ಬಿಚ್ಚಿ ಉಳಿದ ಹುಳುಗಳನ್ನು ಒಳಗೆ ರಾಶಿ ಹಾಕಬೇಡಿ.

• ಜೋಶಾಂದಾ ಗಂಟಲಿಗೆ ಹಿತ. ಅದನ್ನು ನಂಬಿ ಇನ್‌ಹೇಲರ್ ನಿಲ್ಲಿಸಬೇಡಿ.

• ಒಂದು ವಾಕ್ಯ ಪೂರ್ತಿ ಮಾಡಲಾಗದಷ್ಟು ಉಬ್ಬಸವಿದ್ದರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.

ಕಾಯಿಲೆಯವರನ್ನು ನೋಡಲು ಹೋಗುವುದು ಸುನ್ನತ್. ಹೋದಾಗ ಹಣ್ಣು ಕೊಟ್ಟು ಬೇಗ ಏಳಬೇಡಿ. ಸ್ವಲ್ಪ ಹೊತ್ತು ಕೂತು ಅವರ ಉಸಿರನ್ನೂ ಕೇಳಿ.