ಕಾಕಟೀಲ್ ಜೋಡಿಗೆ ಗೂಡು ಇಡುವ ಮುನ್ನ

ಜೂನ್‌ನಲ್ಲಿ ಬೆಳಗಾವಿ ಜಿಲ್ಲೆಯ ಲೋಂಡಾ ಭಾಗಕ್ಕೆ ಮಳೆ ಹಿಡಿಯಿತೆಂದರೆ ಬಟ್ಟೆ ಒಣಗುವುದೂ ಕಷ್ಟ. ಪಂಜರದ ಕಾಕಟೀಲ್ ಗಿಳಿಗಳಿಗೆ ಮಾತ್ರ ಇದು ಹುರುಪಿನ ಕಾಲವಾಗಬಹುದು. ಅವುಗಳ ತವರು ಆಸ್ಟ್ರೇಲಿಯಾದ ಒಣ ಒಳನಾಡು. ಅಲ್ಲಿ ಮಳೆ ಬಿದ್ದ ಮೇಲೆ ಹುಲ್ಲು ಕಾಳು ಕಟ್ಟುತ್ತದೆ, ಮರಿಗಳಿಗೆ ಹೊಟ್ಟೆತುಂಬ ತಿನಿಸು ಸಿಗುತ್ತದೆ. ಹಾಗಾಗಿ ಸಂಸಾರ ಹೂಡಲು ಮಳೆಯೇ ಮುಹೂರ್ತ. ಗಂಡು ಜುಟ್ಟು ಏರಿಸಿ ಸಿಳ್ಳೆ ಹಾಕುತ್ತ ಹೆಣ್ಣಿನ ಹಿಂದೆ ಸುತ್ತತೊಡಗಿದರೆ ಮನೆಯವರಿಗೂ ಆಸೆ ಹುಟ್ಟುತ್ತದೆ: ಒಂದು ಗೂಡುಪೆಟ್ಟಿಗೆ ತಂದಿಡೋಣವೇ?

ಉತ್ತರಕ್ಕೆ ಮೊದಲು ಲೆಕ್ಕ ಬೇಕು. ಹೆಣ್ಣು ದಿನ ಬಿಟ್ಟು ದಿನ ಒಂದರಂತೆ ಸಾಮಾನ್ಯವಾಗಿ 4ರಿಂದ 7 ತತ್ತಿ ಇಡುತ್ತದೆ. ಹೆಚ್ಚಿನ ಗಿಳಿಗಳಲ್ಲಿ ಕಾವು ಕೂರುವುದು ಹೆಣ್ಣಿನ ಪಾಲಿನ ಕೆಲಸ. ಕಾಕಟೀಲ್‌ನಲ್ಲಿ ಹಗಲು ಪಾಳಿ ಹೆಚ್ಚಾಗಿ ಗಂಡಿನದು, ರಾತ್ರಿ ಪಾಳಿ ಹೆಣ್ಣಿನದು. 18ರಿಂದ 21 ದಿನಕ್ಕೆ ಮರಿ ಹೊರಬರುತ್ತದೆ, ನಾಲ್ಕೈದು ವಾರಕ್ಕೆ ಗೂಡು ಬಿಡುತ್ತದೆ, ತಾನೇ ಕಾಳು ಬಿಡಿಸಿ ತಿನ್ನಲು 8ರಿಂದ 10 ವಾರ ಬೇಕು. ಚೆನ್ನಾಗಿ ಸಾಕಿದರೆ 15-20 ವರ್ಷ ಬದುಕುತ್ತದೆ. ಐದು ಮರಿಯಾದರೆ ಅಷ್ಟು ವರ್ಷ ನೋಡಿಕೊಳ್ಳುವ ಮನೆಗಳನ್ನು ಮೊದಲೇ ಹುಡುಕಿಡಬೇಕು.

ಜೋಡಿಯನ್ನೂ ಪರೀಕ್ಷಿಸಬೇಕು. ಅಂಗಡಿಯಿಂದ ಒಟ್ಟಿಗೆ ತಂದವು ಒಂದೇ ಗೂಡಿನ ಅಣ್ಣ-ತಂಗಿ ಆಗಿರುವ ಸಾಧ್ಯತೆ ಉಂಟು. ಹಳದಿ-ಬಿಳಿಯ ಲುಟಿನೋಗಳನ್ನು ತಮ್ಮತಮ್ಮಲ್ಲೇ ಜೋಡಿ ಮಾಡುತ್ತ ಹೋದರೆ ಜುಟ್ಟಿನ ಹಿಂದೆ ಬೋಳು ಜಾಗ ದೊಡ್ಡದಾಗುತ್ತದೆ. ಹಕ್ಕಿಗೆ ಒಂದೂವರೆ ವರ್ಷವಾದರೂ ತುಂಬಿರಬೇಕು. ಎಳೆಯ ಹೆಣ್ಣಿಗೆ, ಸುಣ್ಣದಂಶ ಕಡಿಮೆಯಿದ್ದ ಹೆಣ್ಣಿಗೆ ತತ್ತಿ ಒಳಗೇ ಸಿಕ್ಕಿಕೊಳ್ಳಬಹುದು. ಪುಕ್ಕ ಉಬ್ಬಿಸಿ ಪಂಜರದ ತಳದಲ್ಲಿ ಮುಕ್ಕರಿಯುತ್ತ ಕುಳಿತ ಹಕ್ಕಿ ಗಂಟೆಗಳಲ್ಲೇ ಸಾಯಬಹುದು.

ಇಲ್ಲಿಯೇ ಊರು ಮುಖ್ಯವಾಗುತ್ತದೆ. ಲೋಂಡಾದಿಂದ ಬೆಳಗಾವಿ ಸುಮಾರು 50 ಕಿಲೋಮೀಟರ್. ಹಳ್ಳಿ ಕಡೆಯ ಪಶುವೈದ್ಯರ ಕೈ ಪಳಗಿರುವುದು ಹೆಚ್ಚಾಗಿ ದನ-ಎಮ್ಮೆಗಳ ಮೇಲೆ. ಹಕ್ಕಿ ನೋಡುವ ವೈದ್ಯರು ಎಲ್ಲಿದ್ದಾರೆ ಎಂದು ತತ್ತಿ ಬರುವ ಮುನ್ನವೇ ವಿಚಾರಿಸಿಡಬೇಕು. ಮಳೆಗಾಲದ ತೇವಕ್ಕೆ ಕಾಳಿಗೂ ಗೂಡಿನ ಹೊಟ್ಟಿಗೂ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ಕಣ ಹಕ್ಕಿಯ ಉಸಿರಾಟಕ್ಕೆ ಮಾರಕ.

ಮೊದಲ ಸಲದ ಜೋಡಿ ಮರಿಗಳನ್ನು ಕೈಬಿಡುವುದೂ ಉಂಟು. ಆಗ ಹೊಣೆ ಮನುಷ್ಯರದು: ಹಸುಗೂಸಿಗೆ ಎರಡು-ಮೂರು ಗಂಟೆಗೊಮ್ಮೆ ತಿನ್ನಿಸಬೇಕು. ಗಂಜಿ ಬಿಸಿ ಹೆಚ್ಚಾದರೆ ಅನ್ನಚೀಲ ಸುಡುತ್ತದೆ, ಆರಿದರೆ ಜೀರ್ಣವಾಗದೆ ನಿಲ್ಲುತ್ತದೆ. ಎಲ್ಲರೂ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮನೆಗೆ ಇದು ಆಗುವ ಮಾತಲ್ಲ.

ಕಾನೂನನ್ನೂ ತಿಳಿದಿರಬೇಕು. 1972ರ ವನ್ಯಜೀವಿ ಕಾಯ್ದೆಯಡಿ ನಮ್ಮ ಕಾಡಿನ ಗಿಳಿಗಳನ್ನು ಸಾಕುವುದು ಅಪರಾಧ. ವಿದೇಶಿ ಕಾಕಟೀಲ್‌ಗೆ ಆ ನಿಷೇಧವಿಲ್ಲ. ಆದರೆ ಹಕ್ಕಿ ಮಾರುವ ಅಂಗಡಿಗಳಿಗೆ 2018ರ ನಿಯಮಗಳಿವೆ, ನೋಂದಣಿ ಬೇಕು. ಹೆಚ್ಚಾದ ಮರಿಗಳನ್ನು ಹತ್ತಿರದ ಭೀಮಗಡದ ಕಾಡಿಗೆ ಬಿಟ್ಟರಾಯಿತು ಎಂಬ ಯೋಚನೆಯಂತೂ ಬೇಡ. ಪಂಜರದಲ್ಲಿ ಹುಟ್ಟಿದ ಹಕ್ಕಿಗೆ ತಿನಿಸು ಹುಡುಕಲೂ ಗಿಡುಗದಿಂದ ತಪ್ಪಿಸಿಕೊಳ್ಳಲೂ ಬಾರದು.

ಮರಿಗಳೇ ಬೇಡ ಎಂದು ನಿಶ್ಚಯಿಸಿದವರಿಗೂ ಕೆಲಸವಿದೆ, ಏಕೆಂದರೆ ಗಂಡಿಲ್ಲದ ಹೆಣ್ಣೂ ತತ್ತಿ ಇಡಬಲ್ಲದು. ಪೆಟ್ಟಿಗೆ, ಮಡಕೆ, ಕತ್ತಲೆ ಮೂಲೆ ಯಾವುದೂ ಹಕ್ಕಿಗೆ ಎಟುಕಬಾರದು. ಸಂಜೆಯೇ ಪಂಜರಕ್ಕೆ ಬಟ್ಟೆ ಮುಚ್ಚಿ ರಾತ್ರಿಯನ್ನು 12 ಗಂಟೆಯಷ್ಟು ಉದ್ದ ಮಾಡಬೇಕು. ಮೆತ್ತನೆಯ, ನೆನೆಸಿದ ತಿನಿಸು ಕಡಿಮೆ ಮಾಡಬೇಕು. ಆದರೂ ಇಟ್ಟಿತೆಂದರೆ ತತ್ತಿಯನ್ನು ಒಡನೆ ತೆಗೆಯಬಾರದು, ತೆಗೆದರೆ ಅದರ ಬದಲು ಇನ್ನೊಂದು ಇಡುತ್ತದೆ. ಗಂಡು ಜೊತೆಗಿದ್ದರೆ ತತ್ತಿಗಳನ್ನು ಕುದಿಸಿ ಆರಿಸಿ, ಇಲ್ಲವೇ ಪ್ಲಾಸ್ಟಿಕ್ ತತ್ತಿಗಳಿಗೆ ಬದಲಾಯಿಸಿ ಅಲ್ಲೇ ಇಟ್ಟರೆ, ಮೂರು ವಾರ ಕೂತು ಬೇಸತ್ತು ಹಕ್ಕಿ ತಾನೇ ಎದ್ದು ಬರುತ್ತದೆ.