48 ಕೆ.ಬಿ. ಮನೆಗೆ ಕಿಟಕಿ ಇಡುವವರು



ನಿಮ್ಮ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಎಷ್ಟು ಜಾಗ ಹಿಡಿಯುತ್ತದೆ ಎಂದು ಎಂದಾದರೂ ನೋಡಿದ್ದೀರಾ? ಸಾಧಾರಣವಾಗಿ ಎರಡು ಮೂರು ಮೆಗಾಬೈಟ್. 1982ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬ ಮನೆ ಕಂಪ್ಯೂಟರಿನ ಇಡೀ ಮೆಮೊರಿ 48 ಕಿಲೋಬೈಟ್. ಆ ಒಂದು ಫೋಟೋ ಹಿಡಿಸಬೇಕಾದರೆ ಇಂಥ ನಲವತ್ತರಿಂದ ಅರವತ್ತು ಯಂತ್ರ ಬೇಕು.

ಆ ಕಾಲದ ಇಂಥ ಪುಟ್ಟ ಯಂತ್ರಗಳ ಮೇಲೆ ಇವತ್ತಿನ ಕಂಪ್ಯೂಟರಿನಂತೆ ಕಿಟಕಿಗಳನ್ನು ತೆರೆಸುವ, ಬಾಣವನ್ನು ಓಡಾಡಿಸುವ, ಚಿತ್ರದ ಮೇಲೆ ಒತ್ತಿದರೆ ಕೆಲಸ ಶುರುವಾಗುವಂತೆ ಮಾಡುವ ತಂತ್ರಾಂಶವನ್ನು ಕೆಲವರು ಬರೆಯುತ್ತಾರೆ. ಸಂಬಳಕ್ಕಲ್ಲ, ಹವ್ಯಾಸಕ್ಕೆ. “ಅಲ್ಲ, ಇವರಿಗೆ ಬೇರೆ ಕೆಲಸವಿಲ್ಲವೇ?” ಎಂದು ನೀವು ಕೇಳಿದರೆ ತಪ್ಪೇನಿಲ್ಲ. ಕನ್ನಡದಲ್ಲಿ ಬಿ.ಎ. ಮಾಡಿ ಮೈಕಿನ ಮುಂದೆ ಕೂತವರಿಗೆ ಈ ಉಸಾಬರಿ ಯಾಕೆ ಎಂದರೆ ಅದೂ ನ್ಯಾಯವೇ. ಆದರೆ ಈ ಹವ್ಯಾಸಿಗಳು ಬಿಡಿಸುತ್ತಿರುವ ಒಗಟಿಗೂ ಪರದೆಯ ಮೇಲೆ ಕನ್ನಡ ಮೂಡಬೇಕಾದರೆ ಬಿಡಿಸಲೇಬೇಕಾದ ಒಗಟಿಗೂ ಹತ್ತಿರದ ನೆಂಟಸ್ತಿಕೆ ಇದೆ. ಅದನ್ನು ನಿಮಗೆ ತೋರಿಸಬೇಕೆಂದೇ ಈ ಬರಹ.

ಯಂತ್ರಗಳು ನಮಗೆ ತೀರ ಅಪರಿಚಿತವೂ ಅಲ್ಲ. ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಭಾರತೀಯ ಕಂಪನಿ 1986ರಲ್ಲಿ ಸ್ಪೆಕ್ಟ್ರಮ್ ಪ್ಲಸ್ ಅನ್ನು ಪರವಾನಗಿ ಪಡೆದು ಇಲ್ಲಿ ಮಾರಿತು. ಅದಕ್ಕೂ ಮೊದಲೇ, 1984-85ರಲ್ಲಿ, ‘ಕ್ಲಾಸ್’ ಎಂಬ ಕೇಂದ್ರ ಸರ್ಕಾರದ ಯೋಜನೆಯಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂದಿತ್ತು. ಅದೇ ಯಂತ್ರವನ್ನು ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಯೂನಿಕಾರ್ನ್ ಎಂಬ ಹೆಸರಿನಲ್ಲಿ ಇಲ್ಲೇ ತಯಾರಿಸಿತು. ಮನೆಯ ಟೀವಿಯೇ ಪರದೆ, ಹಾಡು ಕೇಳುವ ಟೇಪ್‌ರೆಕಾರ್ಡರೇ ಕಡತದ ಕಪಾಟು. ನಾಗಪುರಕ್ಕೆ ವರ್ಗವಾಗಿ ಬಂದು ಇಲ್ಲೇ ನೆಲೆಸಿದ ನಿಮ್ಮಲ್ಲಿ ಯಾರದಾದರೂ ಅಟ್ಟದ ಟ್ರಂಕಿನಲ್ಲಿ ಅಂಥದ್ದೊಂದು ಕಪ್ಪು ಡಬ್ಬಿ ಇನ್ನೂ ಕುಳಿತಿರಬಹುದು.

ಈಗ ಒಗಟಿಗೆ ಬರೋಣ. ಪರದೆ ಎಂದರೆ ಚುಕ್ಕಿ ರಂಗೋಲಿ ಎಂದುಕೊಳ್ಳಿ. ಸ್ಪೆಕ್ಟ್ರಮ್‌ನಲ್ಲಿ ಅಡ್ಡಕ್ಕೆ 256 ಚುಕ್ಕಿ, ಉದ್ದಕ್ಕೆ 192. ಗುಣಿಸಿದರೆ 49,152. ಸೋಜಿಗವೆಂದರೆ 48 ಕಿಲೋಬೈಟ್ ಎಂದರೂ ಸರಿಯಾಗಿ 49,152 ಬೈಟ್! ಒಂದೊಂದು ಚುಕ್ಕಿಗೂ ಒಂದೊಂದು ಬೈಟ್ ಕೊಟ್ಟರೆ ಮೆಮೊರಿ ಪೂರ್ತಿ ಖಾಲಿ. ತಂತ್ರಾಂಶ ನಿಲ್ಲುವುದಕ್ಕೇ ಜಾಗವಿಲ್ಲ. ಅದಕ್ಕಾಗಿ ಎಂಟು ಚುಕ್ಕಿಗೆ ಒಂದೇ ಬೈಟ್. ಚುಕ್ಕಿ ಹೊತ್ತಿದ್ದರೆ 1, ಆರಿದ್ದರೆ 0. ಹೀಗೆ ಇಡೀ ಪರದೆ 6,144 ಬೈಟಿನಲ್ಲಿ ಮುಗಿಯುತ್ತದೆ. ಬಣ್ಣಕ್ಕೆ ಇನ್ನೊಂದು 768 ಬೈಟ್. ಆದರೆ ಬಣ್ಣ ಚುಕ್ಕಿಗೆ ಒಂದರಂತೆ ಇಲ್ಲ. ಎಂಟಕ್ಕೆ ಎಂಟರ ಚೌಕಕ್ಕೆ ಎರಡೇ ಬಣ್ಣ. ಪಕ್ಕದ ಚಿತ್ರ ಅದೇ ಚೌಕದೊಳಗೆ ಕಾಲಿಟ್ಟರೆ ಒಂದರ ಬಣ್ಣ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಬಣ್ಣದ ಕಿಟಕಿ ಬೇಕೆನ್ನುವವರು ಅದರ ಅಂಚನ್ನು ಚೌಕದ ಗೆರೆಗೆ ಸರಿಯಾಗಿ ಕೂರಿಸುತ್ತಾರೆ.

ನಿಜವಾದ ಪೇಚು ಬಣ್ಣದ್ದಲ್ಲ. ಅಂಗಳದ ರಂಗೋಲಿಯ ಮೇಲೆ ಮಣೆ ಇಟ್ಟಿದ್ದೀರಿ. ಎತ್ತಿದರೆ ಕೆಳಗೆ ರಂಗೋಲಿ ಹಾಗೇ ಇರುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಹಾಗಲ್ಲ. ಒಂದು ಕಿಟಕಿಯ ಮೇಲೆ ಇನ್ನೊಂದು ಬಂದರೆ ಕೆಳಗಿನದು ಅಳಿಸಿಯೇ ಹೋಗುತ್ತದೆ. ಮೇಲಿನದನ್ನು ಸರಿಸಿದಾಗ ಕೆಳಗಿನದು ಮತ್ತೆ ಕಾಣಬೇಕಲ್ಲ? ದಾರಿ ಎರಡೇ. ಮಣೆ ಇಡುವ ಮುಂಚೆ ಅಷ್ಟು ಭಾಗವನ್ನು ನಕಲು ಮಾಡಿಟ್ಟುಕೊಳ್ಳುವುದು. ಇದಕ್ಕೆ ಮೆಮೊರಿ ಬೇಕು. ಇಲ್ಲವೇ ಎತ್ತಿದ ಮೇಲೆ ಹೊಸದಾಗಿ ಬರೆಯುವುದು. ಇದಕ್ಕೆ ಸಮಯ ಬೇಕು. ಹಳೆಯ ಯಂತ್ರದಲ್ಲಿ ಎರಡಕ್ಕೂ ಬರ. ಬಾಣದ ಗುರುತಿಗೂ ಇದೇ ಪಾಡು: ಒಂದೊಂದು ಚುಕ್ಕಿ ಸರಿದಾಗಲೂ ಹಿಂದಿನ ಜಾಗವನ್ನು ಇದ್ದಂತೆ ಮಾಡಿ, ಮುಂದಿನ ಜಾಗವನ್ನು ನಕಲು ಮಾಡಿಕೊಂಡು, ಆಮೇಲೆ ಬಾಣ ಬರೆಯಬೇಕು. ಒಂದು ಬೈಟಿನಲ್ಲಿ ಎಂಟು ಚುಕ್ಕಿ ಇರುವುದರಿಂದ ಬಾಣ ಎರಡು ಬೈಟಿನ ನಡುವೆ ಕಾಲು ಚಾಚಿ ನಿಂತರೆ ಇನ್ನೊಂದು ತಕರಾರು. ಕೆಲವರು ಒಂದೇ ಬಾಣವನ್ನು ಒಂದೊಂದು ಚುಕ್ಕಿ ಸರಿಸಿ ಎಂಟು ಪ್ರತಿ ಮಾಡಿಟ್ಟುಕೊಳ್ಳುತ್ತಾರೆ. ಮೆಮೊರಿ ಕೊಟ್ಟು ಸಮಯ ಕೊಂಡುಕೊಳ್ಳುವ ವ್ಯಾಪಾರ ಇದು.

1986ರಲ್ಲಿ ಅಮೆರಿಕದ ಬರ್ಕ್‌ಲಿ ಸಾಫ್ಟ್‌ವರ್ಕ್ಸ್ ಕಂಪನಿ ಕಮಡೋರ್ 64 ಯಂತ್ರಕ್ಕೆ ಜಿಯೋಸ್ ಎಂಬ ತಂತ್ರಾಂಶ ಕೊಟ್ಟಿತು. ಇದ್ದದ್ದು 64 ಕಿಲೋಬೈಟ್. ಪರದೆಗೆ 8,000 ಬೈಟ್. ಅದರ ನಕಲಿಗೆ ಇನ್ನೊಂದು 8,000. ಉಳಿದದ್ದರಲ್ಲಿ ಬರವಣಿಗೆ, ಚಿತ್ರ ಬಿಡಿಸುವುದು, ಬಗೆಬಗೆಯ ಅಕ್ಷರ ಶೈಲಿ ಎಲ್ಲವೂ! ಈ ಅಚ್ಚುಕಟ್ಟು ಕಂಡರೆ ನನಗೆ ಇಂದಿಗೂ ಬೆರಗು. ಅದು ಮಾರಾಟದ ಸರಕು ನಿಜ, ಆದರೆ ಮಾರಾಟ ನಿಂತ ಎಷ್ಟೋ ವರ್ಷಗಳ ಮೇಲೆ ಹವ್ಯಾಸಿಗಳು ಅದರ ಯಂತ್ರಭಾಷೆಯನ್ನು ಎಳೆ ಎಳೆಯಾಗಿ ಬಿಡಿಸಿ, ಓದಬಲ್ಲ ರೂಪಕ್ಕೆ ಮರಳಿ ತಂದಿದ್ದಾರೆ.

ಹವ್ಯಾಸಿಗಳದೇ ಕೂಸು ಎಂದರೆ ಸಿಂಬೋಸ್. ಜರ್ಮನಿಯ ಯೋರ್ನ್ ಮಿಕಾ ಬರೆದದ್ದು. 2006ರಲ್ಲಿ ಎಲ್ಲರ ಕೈಗೆ ಬಂತು. ಸ್ಪೆಕ್ಟ್ರಮ್‌ನೊಳಗೆ ಇದ್ದ ಝಡ್-80 ಚಿಪ್ಪೇ ಇರುವ ಆಮ್‌ಸ್ಟ್ರಾಡ್, ಎಂಎಸ್ಎಕ್ಸ್ ಯಂತ್ರಗಳಲ್ಲಿ ಇದು ಓಡುತ್ತದೆ. ಆ ಚಿಪ್ಪಿಗೆ ಒಂದು ಸಲಕ್ಕೆ ಕಾಣುವುದು 64 ಕಿಲೋಬೈಟ್ ಮಾತ್ರ. ಮದುವೆ ಮನೆಯಲ್ಲಿ ಅರವತ್ತನಾಲ್ಕೇ ಎಲೆಗೆ ಜಾಗವಿದ್ದು ಇನ್ನೂರು ಜನ ಬಂದರೆ ಏನು ಮಾಡುತ್ತೀರಿ? ಒಂದು ಸಾಲು ಎಬ್ಬಿಸಿ ಇನ್ನೊಂದು ಸಾಲು ಕೂರಿಸುತ್ತೀರಿ. ಇಲ್ಲೂ ಹೆಚ್ಚಿನ ಮೆಮೊರಿಯನ್ನು ಹೀಗೆಯೇ ಪಂಕ್ತಿ ಪಂಕ್ತಿಯಾಗಿ ಚಿಪ್ಪಿನ ಮುಂದೆ ಕೂರಿಸಿ, ಹಲವು ಕೆಲಸಗಳನ್ನು ಒಟ್ಟೊಟ್ಟಿಗೆ ನಡೆಸುತ್ತದೆ. ನೋಡುವುದಕ್ಕೆ ವಿಂಡೋಸ್ 95ರ ತಮ್ಮನಂತಿದೆ. ಆ ಅನುಕರಣೆ ನನಗೆ ಅಷ್ಟು ರುಚಿಸುವುದಿಲ್ಲ, ಒಳಗಿನ ಕೆಲಸಕ್ಕೆ ಮಾತ್ರ ಕೈಮುಗಿಯಬೇಕು.

ಇದೆಲ್ಲ ಬರೀ ಆಟವೇ ಎಂದರೆ, ಕಾಂಟಿಕಿ ಎಂಬ ಇನ್ನೊಂದನ್ನು ನೋಡಿ. ಸ್ವೀಡನ್ನಿನ ಆಡಮ್ ಡಂಕೆಲ್ಸ್ 2003ರಲ್ಲಿ ಹೊರತಂದ ಇದು ಕಮಡೋರ್ 64ರಲ್ಲಿ ಕಿಟಕಿ ತೆರೆದು ಅಂತರಜಾಲದ ಪುಟಗಳನ್ನೂ ತೋರಿಸಿತು. ಮುಂದೆ ಅದೇ ತಂತ್ರಾಂಶ, ಪುಟ್ಟ ಮೆಮೊರಿಯ ಸಂವೇದಕಗಳನ್ನು ಜಾಲಕ್ಕೆ ಹೊಂದಿಸುವ ಕೆಲಸಕ್ಕೆ ಬಂತು.

ಇನ್ನು ನಮ್ಮ ಅಕ್ಷರದ ಮಾತು. ಈ ಹಳೆಯ ಯಂತ್ರಗಳಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಎಂಟಕ್ಕೆ ಎಂಟು ಚುಕ್ಕಿಯ ಒಂದು ಗೂಡು. ಎಲ್ಲ ಅಕ್ಷರಕ್ಕೂ ಒಂದೇ ಅಳತೆ, ಒಂದರ ಪಕ್ಕ ಒಂದು, ಕಥೆ ಮುಗಿಯಿತು. ಅದಕ್ಕೆ ಕಿಟಕಿ, ಚಿತ್ರ ಇವೆಲ್ಲ ಅಲಂಕಾರ. ಕನ್ನಡಕ್ಕೆ ಹಾಗಲ್ಲ. ಸೀತಾಬರ್ಡಿಯಲ್ಲಿ ನಡೆಯುತ್ತಾ ಪುಸ್ತಕದಂಗಡಿಯ ಫಲಕ ನೋಡಿ. ದೇವನಾಗರಿಯ ‘ಪುಸ್ತಕ’ದಲ್ಲಿ ಅರ್ಧ ಸಕಾರ ತಕಾರದ ಪಕ್ಕದಲ್ಲಿ ಒತ್ತರಿಸಿ ನಿಂತಿರುತ್ತದೆ. ನಮ್ಮ ‘ಪುಸ್ತಕ’ದಲ್ಲಿ ತಕಾರ ಕೆಳಗಿಳಿದು ಒತ್ತಾಗುತ್ತದೆ. ದೇವನಾಗರಿಗೂ ಮೇಲೆ ಕೆಳಗೆ ಮಾತ್ರೆಗಳ ಕಷ್ಟ ಇದ್ದೇ ಇದೆ. ಆದರೆ ನಮ್ಮಷ್ಟು ನೆಲಮಾಳಿಗೆ ಅದಕ್ಕೆ ಬೇಡ. ‘ಅಕ್ಕ’ನಂಥ ಸಜಾತೀಯವಿರಲಿ, ‘ಭಕ್ತಿ’ಯಂಥ ವಿಜಾತೀಯವಿರಲಿ, ಕನ್ನಡದ ಒತ್ತಿಗೆ ಕೆಳಗೆ ಜಾಗ ಬೇಕೇ ಬೇಕು. ‘ಸೂರ್ಯ’ ಇನ್ನೂ ತಮಾಷೆ: ನುಡಿಯುವಾಗ ರಕಾರ ಮೊದಲು, ಬರೆಯುವಾಗ ಯಕಾರ ಮೊದಲು, ಅರ್ಕಾವೊತ್ತು ಆಮೇಲೆ. ಅಂದರೆ ಕನ್ನಡವನ್ನು ಗೂಡಿನಲ್ಲಿ ತುಂಬಲಾಗದು, ರಂಗೋಲಿಯಂತೆ ಬಿಡಿಸಬೇಕು. ಇಂಗ್ಲಿಷಿಗೆ ಅಲಂಕಾರವಾದದ್ದು ನಮಗೆ ಅಕ್ಷರಾಭ್ಯಾಸ.

ಸ್ಪೆಕ್ಟ್ರಮ್‌ನಲ್ಲಿ ಬಳಸುವವರು ತಾವೇ ಬರೆದುಕೊಳ್ಳಬಹುದಾದ ಗೂಡುಗಳು 21. ನಮ್ಮ ವರ್ಣಮಾಲೆಯೇ 49! ಮೇಲಿಂದ ಗುಣಿತ, ಒತ್ತು. ಅದೂ ಎಂಟು ಚುಕ್ಕಿಯಲ್ಲಿ ಡಕಾರ ಯಾವುದು, ಢಕಾರ ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕು. ಮುಂದೆ ಪಿ.ಸಿ.ಗಳು ಬಂದಾಗಲೂ ತೊಡಕು ಪೂರ್ತಿ ಹೋಗಲಿಲ್ಲ. ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನದಲ್ಲಿ, ಭಾರತೀಯ ಲಿಪಿಗಳನ್ನು ಬಿಡಿಸುವುದಕ್ಕೆಂದೇ ಪಿ.ಸಿ.ಯೊಳಗೆ ಪ್ರತ್ಯೇಕ ಕಾರ್ಡ್ ಕೂರಿಸಬೇಕಾಯಿತು. 1991ರ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನ ಸಿಕ್ಕಿತು. ಅದು ನುಡಿಯುವ ಕ್ರಮವನ್ನು ಕಾಪಾಡುತ್ತದೆ ಅಷ್ಟೇ. ಒತ್ತು ಎಲ್ಲಿ ಕೂರಬೇಕೆಂದು ನೋಡಿ ಬಿಡಿಸುವುದು ಬೇರೆ ತಂತ್ರಾಂಶದ ಹೊಣೆ.

ಹಾಗಾದರೆ ಆ 48 ಕಿಲೋಬೈಟಿನಲ್ಲಿ ಕನ್ನಡ ಸಾಧ್ಯವೇ ಇಲ್ಲವೇ? ಲೆಕ್ಕ ಹಾಕೋಣ. ಗೂಡನ್ನು ಮರೆತು, ಅಕ್ಷರಕ್ಕೆ 16 ಚುಕ್ಕಿ ಅಗಲ, 16 ಎತ್ತರ ಕೊಡಿ. ಒಂದಕ್ಕೆ 32 ಬೈಟ್. ಮೂಲಾಕ್ಷರ, ಗುಣಿತದ ಚಿಹ್ನೆ, ಒತ್ತು ಎಂದು ತುಂಡು ತುಂಡಾಗಿ ಬರೆದು ಬೇಕಾದಾಗ ಜೋಡಿಸಿದರೆ, 150 ತುಂಡಿಗೆ 4,800 ಬೈಟ್. ಒಟ್ಟು ಮೆಮೊರಿಯ ಹತ್ತನೇ ಒಂದು ಪಾಲಿಗಿಂತ ಕಡಿಮೆ! ಒತ್ತಿಗೆಂದು ಕೆಳಗೆ 8 ಚುಕ್ಕಿ ಬಿಟ್ಟರೆ ಸಾಲಿನ ಎತ್ತರ 24. ಪರದೆಗೆ ಎಂಟು ಸಾಲು, ಸಾಲಿಗೆ ಹದಿನಾರು ಅಕ್ಷರ. ಒಂದು ಅಂಚೆ ಕಾರ್ಡಿನ ಒಕ್ಕಣೆಗೆ ಸಾಕು. ಕೈಯಿಂದಲೇ ತುಂಬಿಸಬೇಕು ಅಷ್ಟೇ, ಯಂತ್ರ ತಡೆಯುವುದಿಲ್ಲ. ಕಿಟಕಿ ಬಿಡಿಸುವ ಹವ್ಯಾಸಿಗೆ ಗೊತ್ತಿರುವ ಕಸುಬೇ ಇಲ್ಲಿಗೂ ಬೇಕಾದದ್ದು.

ನಿಮಗೇ ಪ್ರಯತ್ನಿಸಬೇಕೆನಿಸಿದರೆ ಹಳೆಯ ಯಂತ್ರ ಬೇಕಿಲ್ಲ. ಈಗಿನ ಕಂಪ್ಯೂಟರಿನೊಳಗೆ ಹಳೆಯದರಂತೆ ನಟಿಸುವ ಎಮ್ಯುಲೇಟರ್ ಎಂಬ ತಂತ್ರಾಂಶಗಳಿವೆ. ಮಕ್ಕಳ ಗ್ರಾಫ್ ಹಾಳೆಯಲ್ಲಿ ಎಂಟಕ್ಕೆ ಎಂಟರ ಚೌಕ ಹಾಕಿ, ಮೊದಲು ‘ರ’ ಬರೆದು ನೋಡಿ. ಮೇಲಿನ ಸಾಲಿನಲ್ಲಿ ನಡುವಿನ ನಾಲ್ಕು ಚುಕ್ಕಿ ಹೊತ್ತಬೇಕೆಂದರೆ 00111100, ಅಂದರೆ 60. ಹೀಗೆ ಎಂಟು ಸಾಲಿಗೆ ಎಂಟು ಸಂಖ್ಯೆ ಕೊಟ್ಟರೆ ‘ರ’ ಮೂಡುತ್ತದೆ. ‘ಕ್ಷ’ಕ್ಕೆ ಕೈಹಾಕುವುದು ಆಮೇಲೆ.

ಯಂತ್ರವೇ ಅಟ್ಟದಿಂದ ಇಳಿದರೆ ಮಾತ್ರ ಜೋಪಾನ. ನಾಗಪುರದ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ತಗಡಿನ ಮಾಡಿನ ಕೆಳಗೆ ವರ್ಷಗಟ್ಟಲೆ ಬೆಂದ ಕೀಲಿಮಣೆಯ ಪೊರೆ ಪುಡಿಯಾಗುವಷ್ಟು ಒಣಗಿರುತ್ತದೆ, ಕೆಪಾಸಿಟರುಗಳೂ ಬತ್ತಿರುತ್ತವೆ. ಸಿಕ್ಕಿದ ಅಡಾಪ್ಟರ್ ಚುಚ್ಚಬೇಡಿ. ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್, ಪಿನ್ನಿನ ನಡುಭಾಗ ಋಣ. ಈಗ ಅಂಗಡಿಯಲ್ಲಿ ಸಿಗುವ ಬಹಳಷ್ಟರಲ್ಲಿ ನಡುಭಾಗ ಧನ. ತಿರುವುಮುರುವಾದರೆ ಯಂತ್ರ ಸುಟ್ಟೀತು.

ಯಂತ್ರಕ್ಕಿಂತ ಮುಂಚೆ ಕ್ಯಾಸೆಟ್ಟುಗಳನ್ನು ನೋಡಿ. ತಂತ್ರಾಂಶ ಅದರಲ್ಲಿ ಶಬ್ದವಾಗಿಯೇ ಕೂತಿದೆ. ಯಂತ್ರ ತುಂಬುವಷ್ಟು ದೊಡ್ಡದಾದರೂ ಐದು ನಿಮಿಷದ ಕೀರಲು. (ನೆದರ್ಲೆಂಡ್ಸಿನ ಹಾಬಿಸ್ಕೂಪ್ ಎಂಬ ಬಾನುಲಿ ಕಾರ್ಯಕ್ರಮ 1980ರ ದಶಕದಲ್ಲಿ ಇಂಥ ಕೀರಲನ್ನೇ ಪ್ರಸಾರ ಮಾಡುತ್ತಿತ್ತು, ಕೇಳುಗರು ಟೇಪಿನಲ್ಲಿ ಹಿಡಿದು ಕಂಪ್ಯೂಟರಿಗೆ ಉಣಿಸುತ್ತಿದ್ದರು. ನಮ್ಮ ಕಸುಬಿನವರಿಗೆ ಹೊಟ್ಟೆಕಿಚ್ಚು ಬರುವ ಸಂಗತಿ.) ಟೇಪು ಅಂಟಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಂಡು, ಸ್ವಚ್ಛವಾದ ಹೆಡ್ ಇರುವ ಟೇಪ್‌ರೆಕಾರ್ಡರಿನಲ್ಲಿ ಒಮ್ಮೆ ನುಡಿಸಿ, ಕಂಪ್ಯೂಟರಿಗೆ ಧ್ವನಿಯಾಗಿ ದಾಖಲಿಸಿಕೊಳ್ಳಿ. ಮೇಲಿನ ಚೀಟಿಯಲ್ಲಿ ಬರೆದದ್ದನ್ನೂ ಗುರುತು ಹಾಕಿಕೊಳ್ಳಿ. ಪಕ್ಕದ ಮನೆಯವರು ಏನಿದು ಗದ್ದಲ ಎಂದು ಕೇಳಿದರೆ, ರೇಡಿಯೋ ಸ್ಟೇಷನ್ ಸಿಗುತ್ತಿಲ್ಲ ಎಂದು ಹೇಳಿಬಿಡಿ.